ಆಸ್ಕರ್ ಪಂದ್ಯ: 16 ನಾಮಿನೇಷನ್ ಸಿಕ್ಕಿದ್ದೇ ಗೆಲ್ಲುತ್ತಾ? ನಲವತ್ತು ಚೀಟಿ ಎಣಿಸೋದು ಹೇಗೆ?

ಮಡಿಕೇರಿ_ಮ್ಯಾಟಿನಿ

ಎಲ್ರಿಗೂ ನಮಸ್ಕಾರ. 2026ರ ಜನವರಿ 22ಕ್ಕೆ 98ನೇ ಆಸ್ಕರ್ ನಾಮಿನೇಷನ್ ಬಂದಾಗಿಂದ ಇಲ್ಲಿ ಎರಡು ಪಕ್ಷ ಆಗಿಬಿಟ್ಟಿದೆ. ‘ಸಿನ್ನರ್ಸ್’ಗೆ 16 ಸಿಕ್ಕಿದೆ, ಇಷ್ಟು ದಿನದ ದಾಖಲೆ 14, ಇನ್ನೇನು ಚರ್ಚೆ ಅನ್ನೋದು ಕುಶಾಲನಗರದ ಕಡೆಯವರು. ‘ಒನ್ ಬ್ಯಾಟಲ್ ಆಫ್ಟರ್ ಅನದರ್’ಗೆ 13 ಆದ್ರೇನು, ಕ್ರಿಟಿಕ್ಸ್ ಚಾಯ್ಸೂ ಗೋಲ್ಡನ್ ಗ್ಲೋಬೂ ಆಗ್ಲೇ ಹೊಡೆದಾಯ್ತಲ್ಲ ಅನ್ನೋದು ವಿರಾಜಪೇಟೆಯವರು. ಎರಡೂ ಕಡೆಯವರು ಮಾತಾಡಿದ್ದೇ ಮಾತಾಡ್ತಿದ್ದಾರೆ.

ಒಟ್ಟು ನಲವತ್ತು ಜನ ಸೇರಿ ಎರಡು ಥರ ಚೀಟಿ ಹಾಕೋ ಯೋಚನೆ. ಒಂದು, ಆಸ್ಕರ್‌ನಲ್ಲಿ ಯಾರು ಗೆಲ್ತಾರೆ ಅನ್ನೋ ಊಹೆ ಚೀಟಿ. ಇನ್ನೊಂದು, ಹತ್ತು ಬೆಸ್ಟ್ ಪಿಕ್ಚರ್ ಚಿತ್ರಗಳಿಗೆ ನಾವೇ ಒಂದರಿಂದ ಹತ್ತು ಅಂತ ಸ್ಥಾನ ಕೊಟ್ಟು ‘ಕೊಡಗಿನ ಬೆಸ್ಟ್ ಪಿಕ್ಚರ್’ ಆರಿಸೋದು. ಆಸ್ಕರ್ ಕೊಡೋ ಅಕಾಡೆಮಿ ಎಣಿಸೋ ಹಾಗೇ ಎಣಿಸಬೇಕು ಅಂತ ಒಪ್ಪಂದ ಆಗಿದೆ, ಆದ್ರೆ ಅದು ಹೇಗೆ ಅಂತ ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ಮೊದಲನೇ ಸ್ಥಾನಕ್ಕೆ 10 ಅಂಕ, ಎರಡಕ್ಕೆ 9, ಹೀಗೆ ಕೂಡಿ ಅಂತ ಒಬ್ಬರು. ಮೊದಲ ಮತ ಮಾತ್ರ ಎಣಿಸಿ, ಉಳಿದದ್ದು ಶೋಕಿಗೆ ಅಂತ ಇನ್ನೊಬ್ಬರು. ಯಾವುದು ಸರಿ?

ಹಾಗೇ ಊಹೆ ಚೀಟಿಗೆ ಯಾವ ಪ್ರಶಸ್ತಿನ ನಂಬಬೇಕು, ಯಾವುದನ್ನ ಬಿಡಬೇಕು? ‘ಕಾಂತಾರ’ ಒಂದ್ಸಲ ಆಸ್ಕರ್ ಶಾರ್ಟ್‌ಲಿಸ್ಟ್ ಆಗಿತ್ತು ಅಂತ ಒಬ್ಬರು ಪಟ್ಟು ಹಿಡಿದಿದ್ದಾರೆ, ಅದನ್ನೂ ಯಾರಾದ್ರೂ ಬಗೆಹರಿಸಿ.

---

ಎಣಿಕೆ_ಮೇಷ್ಟ್ರು

ಎರಡೂ ತಪ್ಪು. ಅಂಕ ಕೂಡೋದೂ ಅಲ್ಲ, ಮೊದಲ ಮತ ಮಾತ್ರ ನೋಡೋದೂ ಅಲ್ಲ. ಈ ಸ್ಥಾನ ಕೊಡೋ ಪದ್ಧತಿ ಅಂತಿಮ ಸುತ್ತಿನಲ್ಲಿ ಬೆಸ್ಟ್ ಪಿಕ್ಚರ್‌ಗೆ ಮಾತ್ರ ಇರೋದು. ಉಳಿದ 23 ವಿಭಾಗದಲ್ಲಿ ಸದಸ್ಯರು ಒಬ್ಬರಿಗೆ ಟಿಕ್ ಹಾಕ್ತಾರೆ, ಯಾರಿಗೆ ಜಾಸ್ತಿ ಬಂತೋ ಅವರು ಗೆದ್ದರು, ಮುಗೀತು. 2009ರ ಚಿತ್ರಗಳಿಂದ ಬೆಸ್ಟ್ ಪಿಕ್ಚರ್ ಸಾಲನ್ನ ಐದರಿಂದ ಹತ್ತಕ್ಕೆ ಏರಿಸಿದಾಗ ಈ ಪದ್ಧತಿ ತಂದರು. ಹತ್ತು ಚಿತ್ರದ ಮಧ್ಯೆ ಮತ ಹಂಚಿಹೋದ್ರೆ ಹದಿನೈದಿಪ್ಪತ್ತು ಪರ್ಸೆಂಟ್ ಜನರ ಚಿತ್ರವೇ ಗೆದ್ದುಬಿಡಬಹುದಲ್ಲ, ಅದನ್ನ ತಡೆಯೋಕೆ.

ಎಣಿಸೋ ಕ್ರಮ ಹೀಗೆ. ಹತ್ತು ತಟ್ಟೆ ಇಡಿ, ಒಂದೊಂದರ ಮೇಲೆ ಒಂದೊಂದು ಚಿತ್ರದ ಹೆಸರು. ನಲವತ್ತು ಚೀಟಿನೂ ಮೊದಲ ಸ್ಥಾನದ ಪ್ರಕಾರ ಆಯಾ ತಟ್ಟೆಗೆ ಹಾಕಿ. ಯಾವುದಾದ್ರೂ ತಟ್ಟೆಯಲ್ಲಿ ಅರ್ಧಕ್ಕಿಂತ ಜಾಸ್ತಿ, ಅಂದ್ರೆ 21 ಚೀಟಿ ಇದ್ರೆ ಅಲ್ಲಿಗೇ ಮುಗೀತು. ಇಲ್ಲಾಂದ್ರೆ ಎಲ್ಲಕ್ಕಿಂತ ಕಮ್ಮಿ ಚೀಟಿ ಇರೋ ತಟ್ಟೆನ ಎತ್ತಿ, ಅದರಲ್ಲಿರೋ ಚೀಟಿಗಳನ್ನ ಮಾತ್ರ ಬಿಚ್ಚಿ ನೋಡಿ, ಮುಂದಿನ ಸ್ಥಾನದಲ್ಲಿ ಯಾರಿದ್ದಾರೋ ಆ ತಟ್ಟೆಗೆ ಸಾಗಿಸಿ. ಆ ಚಿತ್ರ ಆಗ್ಲೇ ಔಟ್ ಆಗಿದ್ರೆ ಅದರ ಮುಂದಿನದಕ್ಕೆ. ಹೀಗೇ ಒಂದು ತಟ್ಟೆ ಅರ್ಧ ದಾಟೋವರೆಗೆ.

ಸಿನಿಮಾ ಹೆಸರು ಹಾಕಿದ್ರೆ ಇಲ್ಲೇ ಜಗಳ ಶುರುವಾಗುತ್ತೆ, ಅದಕ್ಕೆ ನಾಲ್ಕು ಚಿತ್ರಕ್ಕೆ ಕಾಫಿ, ಕಿತ್ತಳೆ, ಮೆಣಸು, ಏಲಕ್ಕಿ ಅಂತ ಹೆಸರಿಡ್ತೀನಿ. ಮೊದಲ ಸುತ್ತು: ಕಾಫಿ 15, ಕಿತ್ತಳೆ 11, ಮೆಣಸು 8, ಏಲಕ್ಕಿ 6. ಯಾರೂ 21 ಮುಟ್ಟಿಲ್ಲ, ಏಲಕ್ಕಿ ಔಟ್. ಅದರ 6 ಚೀಟಿ ಬಿಚ್ಚಿದ್ರೆ ಎರಡನೇ ಸ್ಥಾನ ನಾಲ್ಕರಲ್ಲಿ ಕಿತ್ತಳೆಗೆ, ಒಂದರಲ್ಲಿ ಮೆಣಸಿಗೆ, ಒಂದರಲ್ಲಿ ಕಾಫಿಗೆ. ಈಗ ಕಾಫಿ 16, ಕಿತ್ತಳೆ 15, ಮೆಣಸು 9. ಮೆಣಸು ಔಟ್. ಅದರ 9ರಲ್ಲಿ 6 ಕಿತ್ತಳೆಗೆ, 2 ಕಾಫಿಗೆ, ಇನ್ನೊಂದು ಚೀಟಿಯಲ್ಲಿ ಮುಂದೆ ಏನೂ ಬರೆದೇ ಇಲ್ಲ, ಅದು ಅಲ್ಲಿಗೇ ಸತ್ತ ಚೀಟಿ. ಕಾಫಿ 18, ಕಿತ್ತಳೆ 21. ಬದುಕಿರೋ ಚೀಟಿ 39, ಕಿತ್ತಳೆ ಗೆದ್ದಿತು. ಮೊದಲ ಸುತ್ತಲ್ಲಿ ನಾಲ್ಕು ಮತ ಹಿಂದಿದ್ದ ಚಿತ್ರ.

ಎಡವೋದು ಎಲ್ಲಿ ಅಂದ್ರೆ, ಇನ್ನೂ ಕಣದಲ್ಲಿರೋ ಚಿತ್ರದ ಚೀಟಿಯ ಎರಡನೇ ಸ್ಥಾನನೂ ಎಣಿಸಿಬಿಡ್ತಾರೆ. ಕೂಡದು. ಮೇಲಿನ ಲೆಕ್ಕದಲ್ಲಿ ಕಾಫಿ ತಟ್ಟೆಯ ಹದಿನೈದು ಚೀಟಿ ಕೊನೇವರೆಗೂ ಯಾರೂ ಬಿಚ್ಚಲೇ ಇಲ್ಲ, ಅವರ ಎರಡನೇ ಸ್ಥಾನ ಯಾರಿಗಿತ್ತೋ ದೇವರಿಗೇ ಗೊತ್ತು. ಇನ್ನೊಂದು, ಅಭಿಮಾನದಲ್ಲಿ ಒಂದೇ ಚಿತ್ರನ 1, 2, 3 ಮೂರೂ ಜಾಗದಲ್ಲಿ ಬರೀತಾರೆ. ಅದರಿಂದ ಮೂರು ಮತ ಆಗಲ್ಲ. ಚಿತ್ರ ಔಟ್ ಆದಾಗ ಚೀಟಿ ಸೀದಾ ನಾಲ್ಕನೇ ಹೆಸರಿಗೆ ಹೋಗುತ್ತೆ, ನಾಲ್ಕು ಖಾಲಿ ಇದ್ರೆ ಸತ್ತಿತು. ಮಧ್ಯೆ ಒಂದು ಸಂಖ್ಯೆ ಬಿಟ್ಟುಹೋಗಿದ್ರೆ ಚೀಟಿ ರದ್ದು ಮಾಡ್ಬೇಡಿ, ಅದರ ಮುಂದಿನ ಸಂಖ್ಯೆನ ತಗೊಳ್ಳಿ.

ಅಂಕ ಕೂಡೋ ಪದ್ಧತಿ ಯಾಕೆ ಬೇಡ ಅಂದ್ರೆ ನಿಮ್ಮಂಥ ಎರಡು ಪಕ್ಷದ ಗುಂಪಿಗೆ ಅದು ವಿಷ. ವಿರಾಜಪೇಟೆಯವರೆಲ್ಲ ಮಾತಾಡಿಕೊಂಡು ‘ಸಿನ್ನರ್ಸ್’ನ ಹತ್ತನೇ ಸ್ಥಾನಕ್ಕೆ ತಳ್ತಾರೆ, ಕುಶಾಲನಗರದವರು ‘ಒನ್ ಬ್ಯಾಟಲ್’ಗೆ ಅದೇ ಮಾಡ್ತಾರೆ, ಕೊನೆಗೆ ಇಬ್ಬರಿಗೂ ಬೇಡದ ಮೂರನೇದು ಅಂಕ ದೋಚಿಕೊಂಡು ಹೋಗುತ್ತೆ. ಸಾಗಿಸೋ ಪದ್ಧತಿಯಲ್ಲಿ ಆ ಆಟ ನಡೆಯಲ್ಲ. ನಿಮ್ಮ ಮೊದಲ ಚಿತ್ರ ಕಣದಲ್ಲಿರೋವರೆಗೂ ಹತ್ತನೇದು ಯಾರು ಅಂತ ಯಾರೂ ನೋಡೋದೇ ಇಲ್ಲ.

---

ಗೋಣಿಕೊಪ್ಪ_ಗ್ಯಾಲರಿ

ಮೇಷ್ಟ್ರು ಎಣಿಕೆ ಹೇಳಿದ್ರು, ನಾನು ಕುದುರೆಗಳ ಬಗ್ಗೆ ಹೇಳ್ತೀನಿ.

16 ನಾಮಿನೇಷನ್ ದೊಡ್ಡದೇ, ಇಲ್ಲ ಅನ್ನಲ್ಲ. ಆದ್ರೆ ನಾಮಿನೇಷನ್ ಹೇಗೆ ಬರುತ್ತೆ ನೋಡಿ. ಛಾಯಾಗ್ರಾಹಕರನ್ನ ಅಕಾಡೆಮಿಯ ಛಾಯಾಗ್ರಾಹಕರ ಶಾಖೆ ಆರಿಸುತ್ತೆ, ನಟರನ್ನ ನಟರು. ಐದು ಸ್ಥಾನಕ್ಕೆ ಒಳಗೆ ಬರಬೇಕಾದ್ರೆ ಬಂದ ಮತಪತ್ರನ ಆರರಿಂದ ಭಾಗಿಸಿ ಒಂದು ಕೂಡಿಸಿದಷ್ಟು ಸಾಕು. 600 ಮತಪತ್ರ ಬಂದ್ರೆ 101. ಅಂದ್ರೆ ಆರರಲ್ಲಿ ಒಬ್ಬರು ನಿಮ್ಮ ಚಿತ್ರನ ತಲೆ ಮೇಲೆ ಹೊತ್ತುಕೊಂಡ್ರೆ ನೀವು ಒಳಗೆ. ಉಳಿದ ಐವರಿಗೆ ಅದು ಕಂಡ್ರೆ ಆಗದಿದ್ರೂ ಪರವಾಗಿಲ್ಲ. ಗೆಲ್ಲೋಕೆ ಮಾತ್ರ ಅರ್ಧಕ್ಕಿಂತ ಜಾಸ್ತಿ ಚೀಟಿ ಯಾವುದೋ ಒಂದು ಸುತ್ತಲ್ಲಿ ನಿಮ್ಮ ತಟ್ಟೆಗೆ ಬರಬೇಕು. ನಾಮಿನೇಷನ್‌ಗೆ ಕಟ್ಟಾ ಅಭಿಮಾನಿಗಳು ಸಾಕು, ಗೆಲುವಿಗೆ ಬೇರೆ ಪಕ್ಷದವರ ಎರಡನೇ ಮೂರನೇ ಸ್ಥಾನ ಬೇಕು.

ಇತಿಹಾಸನೂ ಅದನ್ನೇ ಹೇಳುತ್ತೆ. 2016ರಿಂದ 2024ರವರೆಗಿನ ಚಿತ್ರಗಳ ಒಂಬತ್ತು ಸೀಸನ್ ತಗೊಳ್ಳಿ. ಜಾಸ್ತಿ ನಾಮಿನೇಷನ್ ಪಡೆದದ್ದು ಬೆಸ್ಟ್ ಪಿಕ್ಚರ್ ಗೆದ್ದದ್ದು ಮೂರೇ ಸಲ: ‘ದ ಶೇಪ್ ಆಫ್ ವಾಟರ್’, ‘ಎವ್ರಿಥಿಂಗ್ ಎವ್ರಿವೇರ್ ಆಲ್ ಅಟ್ ಒನ್ಸ್’, ‘ಓಪನ್‌ಹೈಮರ್’. ‘ಲಾ ಲಾ ಲ್ಯಾಂಡ್’ 14 ಪಡೆದು 6 ಗೆದ್ದು ಮುಖ್ಯದ್ದನ್ನೇ ಕಳಕೊಂಡಿತು. ‘ದ ಪವರ್ ಆಫ್ ದ ಡಾಗ್’ 12ಕ್ಕೆ ಸಿಕ್ಕಿದ್ದು ಒಂದು, ನಿರ್ದೇಶನಕ್ಕೆ. ಆ ವರ್ಷ ಗೆದ್ದ ‘ಕೋಡಾ’ಗೆ ಇದ್ದದ್ದೇ ಮೂರು ನಾಮಿನೇಷನ್, ಮೂರನ್ನೂ ಹೊಡೆಯಿತು. ಹೋದ ವರ್ಷ ‘ಎಮಿಲಿಯಾ ಪೆರೆಸ್’ 13ರಲ್ಲಿ 2.

ಇನ್ನು ಯಾವ ಪ್ರಶಸ್ತಿನ ನಂಬೋದು. ಗೋಲ್ಡನ್ ಗ್ಲೋಬ್, ಕ್ರಿಟಿಕ್ಸ್ ಚಾಯ್ಸ್ ಎರಡೂ ಪತ್ರಕರ್ತರು, ವಿಮರ್ಶಕರು ಕೊಡೋದು. ಅವರಿಗೆ ಆಸ್ಕರ್‌ನಲ್ಲಿ ಮತ ಇಲ್ಲ. ಅದರ ಮೇಲೆ ಗ್ಲೋಬ್ ಎರಡು ಹೋಳು. ಈ ಸಲ ಡ್ರಾಮಾ ‘ಹ್ಯಾಮ್ನೆಟ್’ಗೆ, ಮ್ಯೂಸಿಕಲ್-ಕಾಮಿಡಿ ‘ಒನ್ ಬ್ಯಾಟಲ್’ಗೆ. ಹವಾ ಎತ್ತ ಬೀಸ್ತಿದೆ ಅಂತ ತಿಳಿಯೋಕೆ ಸಾಕು, ಅಷ್ಟೇ. ಮತ ಇರೋದು ಗಿಲ್ಡ್‌ಗಳಲ್ಲಿ, ಅಂದ್ರೆ ಚಿತ್ರರಂಗದವರದ್ದೇ ಸಂಘಗಳಲ್ಲಿ. ಅದರಲ್ಲೂ ನಿರ್ಮಾಪಕರ ಸಂಘ, ಪಿಜಿಎ. ಅವರೂ 2009ರಿಂದ ಇದೇ ಸ್ಥಾನ ಕೊಡೋ ಪದ್ಧತಿಯಲ್ಲಿ ಎಣಿಸ್ತಾರೆ. ಅಲ್ಲಿಂದ 2024ರವರೆಗೆ 16 ಸೀಸನ್‌ನಲ್ಲಿ 13 ಸಲ ಪಿಜಿಎ ಹೇಳಿದ್ದೇ ಆಸ್ಕರ್ ಆಯ್ತು (ಒಂದ್ಸಲ ಎರಡು ಚಿತ್ರಕ್ಕೆ ಹಂಚಿದ್ರು, ಅದರಲ್ಲಿ ಒಂದು ಗೆದ್ದಿತು). ತಪ್ಪಿದ್ದು ‘ದ ಬಿಗ್ ಶಾರ್ಟ್’, ‘ಲಾ ಲಾ ಲ್ಯಾಂಡ್’, ‘1917’ ವರ್ಷಗಳಲ್ಲಿ. ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿಯ ಬೆಸ್ಟ್ ಫಿಲ್ಮ್ ಮೇಲೆ ಹೇಳಿದ ಒಂಬತ್ತು ಸೀಸನ್‌ನಲ್ಲಿ ಎರಡೇ ಸಲ ಆಸ್ಕರ್ ಜೊತೆ ಕೂಡಿತು, ‘ನೋಮ್ಯಾಡ್‌ಲ್ಯಾಂಡ್’ ಮತ್ತು ‘ಓಪನ್‌ಹೈಮರ್’. ಬೆಸ್ಟ್ ಪಿಕ್ಚರ್ ಊಹೆಗೆ ಬಾಫ್ಟಾ ನೋಡೋದು ದಂಡ. ನಟನಟಿಯರ ವಿಭಾಗಕ್ಕೆ ಮಾತ್ರ ಉಪಯೋಗಕ್ಕೆ ಬರುತ್ತೆ.

ನಿರ್ದೇಶನಕ್ಕೆ ನಿರ್ದೇಶಕರ ಸಂಘ, ಡಿಜಿಎ ಸಾಕು. 2000ದಿಂದೀಚೆಗೆ ಅದು ತಪ್ಪಿದ್ದು 2000, 2002, 2012, 2019ರ ಚಿತ್ರಗಳಿಗೆ. 2012ರಲ್ಲಂತೂ ಡಿಜಿಎ ಗೆದ್ದ ಬೆನ್ ಅಫ್ಲೆಕ್‌ಗೆ ಆಸ್ಕರ್ ನಾಮಿನೇಷನ್ನೇ ಇರಲಿಲ್ಲ, ಆದ್ರೂ ಅವರ ‘ಆರ್ಗೊ’ ಬೆಸ್ಟ್ ಪಿಕ್ಚರ್ ಆಯ್ತು.

ದಿನಾಂಕ ನೋಡದೆ ಊಹೆ ಮಾಡಬೇಡಿ, ಜನ ಎಡವೋದು ಇಲ್ಲೇ. ಹೋದ ವರ್ಷ ಆಸ್ಕರ್ ಅಂತಿಮ ಮತದಾನ ಫೆಬ್ರವರಿ 11ರಿಂದ 18. ಡಿಜಿಎ, ಪಿಜಿಎ 8ಕ್ಕೇ ಆಗಿತ್ತು, ಬಾಫ್ಟಾ 16ಕ್ಕೆ, ನಟರ ಸಂಘದ್ದು 23ಕ್ಕೆ. ನಟರ ಸಂಘದಲ್ಲಿ ಡೆಮಿ ಮೂರ್, ಟಿಮೊಥಿ ಶಾಲಮೆ ಗೆದ್ದ ಸುದ್ದಿ ಬರೋ ಹೊತ್ತಿಗೆ ಆಸ್ಕರ್ ಪೆಟ್ಟಿಗೆ ಮುಚ್ಚಿ ಐದು ದಿನ ಆಗಿತ್ತು. ಅದನ್ನ ನೋಡಿ ಕೊನೇ ಗಳಿಗೆಯಲ್ಲಿ ಚೀಟಿ ಬದಲಿಸಿದವರು ಎರಡೂ ಕಡೆ ಸೋತರು. ಆಸ್ಕರ್ ಹೋಗಿದ್ದು ಬಾಫ್ಟಾ ಗೆದ್ದಿದ್ದ ಮೈಕಿ ಮ್ಯಾಡಿಸನ್, ಏಡ್ರಿಯನ್ ಬ್ರೋಡಿಗೆ. ಈ ವರ್ಷ ಲೆಕ್ಕ ಉಲ್ಟಾ. ಡಿಜಿಎ ಫೆಬ್ರವರಿ 7, ಬಾಫ್ಟಾ 22, ಅಂತಿಮ ಮತದಾನ 26ರಿಂದ ಮಾರ್ಚ್ 5. ಪಿಜಿಎ 28ಕ್ಕೆ, ನಟರ ಸಂಘದ್ದು ಮಾರ್ಚ್ 1ಕ್ಕೆ, ಎರಡೂ ಮತದಾನದ ನಡುವೆಯೇ ಬೀಳ್ತಿವೆ. ಪೆಟ್ಟಿಗೆ ತೆರೆದಿರೋವಾಗಲೇ ವೇದಿಕೆ ಮೇಲೆ ಭಾಷಣ ಕೇಳಿ ಮನಸ್ಸು ಬದಲಿಸೋಕೆ ಅವಕಾಶ ಇದೆ. ಹಾಗಾಗಿ ಈ ಸಲ ನಟರ ಸಂಘಕ್ಕೆ ಹೋದ ಸಲಕ್ಕಿಂತ ತೂಕ ಜಾಸ್ತಿ ಕೊಡ್ತೀನಿ.

ನನ್ನ ಮಟ್ಟಿಗೆ ಬೆಸ್ಟ್ ಪಿಕ್ಚರ್ ‘ಒನ್ ಬ್ಯಾಟಲ್’. ಪಿಜಿಎ ‘ಸಿನ್ನರ್ಸ್’ಗೆ ಹೋದ್ರೆ ಮಾತ್ರ ಬದಲಿಸ್ತೀನಿ.

---

ಸುಂಟಿಕೊಪ್ಪ_ಸೆಕೆಂಡ್‌ಶೋ

ಈ ‘ಎಲ್ರಿಗೂ ಸ್ವಲ್ಪ ಸ್ವಲ್ಪ ಇಷ್ಟ ಆಗೋದೇ ಗೆಲ್ಲುತ್ತೆ’ ಅನ್ನೋ ಸಿದ್ಧಾಂತನ ಜಾಸ್ತಿ ಎಳೀತಾರೆ ಅಣ್ಣ. ‘ಗ್ರೀನ್ ಬುಕ್’, ‘ಕೋಡಾ’ಗೆ ಸರಿ. ‘ಪ್ಯಾರಸೈಟ್’ ಸೌಮ್ಯ ಚಿತ್ರನಾ? ‘ಅನೋರಾ’? ಆ ಬಹು-ಲೋಕದ ಗಲಾಟೆ ಚಿತ್ರ ‘ಎವ್ರಿಥಿಂಗ್ ಎವ್ರಿವೇರ್’ ಅರ್ಧ ಜನಕ್ಕೆ ತಲೆನೋವು ತಂದಿತ್ತು, ಏಳು ಆಸ್ಕರ್ ಬಾಚಿಕೊಂಡು ಹೋಯ್ತು. ಮೊದಲ ಸುತ್ತಲ್ಲೇ ತಟ್ಟೆ ತುಂಬಿದ್ರೆ ಯಾರ ಎರಡನೇ ಸ್ಥಾನನೂ ಬೇಡ. ಅಲ್ಲದೆ ತೀರಾ ಸೌಮ್ಯವಾದದ್ದಕ್ಕೆ ಮೊದಲ ಸ್ಥಾನವೇ ಬರಲ್ಲ, ಮೂರನೇ ಸುತ್ತಿಗೇ ಔಟ್. ಮೇಷ್ಟ್ರ ಕಿತ್ತಳೆಗೂ ಮೊದಲ ಸುತ್ತಲ್ಲಿ 11 ಇತ್ತು ಅನ್ನೋದನ್ನ ಮರೀಬೇಡಿ. ಅದೇ 5 ಇದ್ದಿದ್ರೆ ಏಲಕ್ಕಿಗಿಂತ ಮೊದಲೇ ಹೋಗ್ತಿತ್ತು.

‘ಸಿನ್ನರ್ಸ್’ಗೆ 16 ಬಂದಿರೋದು ಒಂದು ಶಾಖೆಯ ಹುಚ್ಚಿನಿಂದ ಅಲ್ಲ. ಶಬ್ದ, ವಸ್ತ್ರ, ಮೇಕಪ್, ವಿಎಫ್‌ಎಕ್ಸ್, ಸಂಕಲನ, ಹಾಡು, ಮೂರು ನಟನಾ ವಿಭಾಗ, ಹೊಸದಾಗಿ ಬಂದ ಕಾಸ್ಟಿಂಗ್ (ಪಾತ್ರಕ್ಕೆ ನಟರನ್ನ ಆರಿಸೋದು), ಎಲ್ಲಾ ಕಡೆಯಿಂದ ಬಂದಿದೆ. ಆರರಲ್ಲಿ ಒಬ್ಬರು ಸಾಕು ಸರಿ, ಆದ್ರೆ ಅಷ್ಟೊಂದು ಶಾಖೆಯಲ್ಲಿ ಆ ಒಬ್ಬರು ಸಿಗಬೇಕಲ್ಲ. ಮತ್ತೆ ಈ ವರ್ಷದಿಂದ ಹೊಸ ನಿಯಮ ಇದೆ: ಒಂದು ವಿಭಾಗದ ಎಲ್ಲ ಚಿತ್ರ ನೋಡಿದವರಿಗೆ ಮಾತ್ರ ಆ ವಿಭಾಗದ ಅಂತಿಮ ಮತ. ಕೇಳಿದ ಹೆಸರಿಗೆ ಒತ್ತೋ ಸೋಮಾರಿ ಮತಗಳು ಕಮ್ಮಿ ಆಗ್ತವೆ. ಅದರ ಪರಿಣಾಮ ಯಾವ ಕಡೆಗೆ ಅನ್ನೋದಕ್ಕೆ ಹಳೇ ಟೇಬಲ್‌ಗಳಲ್ಲಿ ಉತ್ತರ ಇಲ್ಲ, ಆದ್ದರಿಂದ ‘13 ಸಲ ಸರಿ’ ಅನ್ನೋದನ್ನ ಅಷ್ಟು ಗಟ್ಟಿಯಾಗಿ ಹಿಡ್ಕೋಬೇಡಿ.

ಊಹೆ ಚೀಟಿಯಲ್ಲಿ ಅಂಕ ಗಳಿಸೋ ಜಾಗ ಒಂದಿದೆ. ಇವೆರಡೂ ಚಿತ್ರಕಥೆಯಲ್ಲಿ ಎದುರಾಗಲ್ಲ. ‘ಸಿನ್ನರ್ಸ್’ ಸ್ವಂತ ಚಿತ್ರಕಥೆ ವಿಭಾಗ, ‘ಒನ್ ಬ್ಯಾಟಲ್’ ಕಾದಂಬರಿ ಆಧರಿಸಿದ್ದು. ಎರಡಕ್ಕೂ ಒಂದೊಂದು ಬರೆಯಿರಿ. ನಿಜವಾದ ಜಟಾಪಟಿ ಛಾಯಾಗ್ರಹಣ, ಸಂಗೀತ, ಸಂಕಲನ, ಕಾಸ್ಟಿಂಗ್‌ನಲ್ಲಿ. ಸಂಗೀತಕ್ಕೆ ಕಣ್ಣು ಮುಚ್ಚಿ ‘ಸಿನ್ನರ್ಸ್’, ಕಥೆ ನಿಂತಿರೋದೇ ಹಾಡಿನ ಮೇಲೆ. ಛಾಯಾಗ್ರಹಣದಲ್ಲಿ 97ನೇ ಆಸ್ಕರ್‌ವರೆಗೂ ಒಬ್ಬ ಹೆಣ್ಣುಮಗಳೂ ಗೆದ್ದಿರಲಿಲ್ಲ. ‘ಸಿನ್ನರ್ಸ್’ನ ಛಾಯಾಗ್ರಾಹಕಿ ಆಟಮ್ ಡುರಾಲ್ಡ್ ಅರ್ಕಪಾಗೆ ಮತ ಹಾಕೋಕೆ ಅದೂ ಒಂದು ಕಾರಣ ಆಗುತ್ತೆ. ವಸ್ತ್ರ, ಮೇಕಪ್ ಎರಡರಲ್ಲೂ ‘ಫ್ರಾಂಕನ್‌ಸ್ಟೈನ್’ ಬರೆದವರು ಪಶ್ಚಾತ್ತಾಪ ಪಡಲ್ಲ.

---

ಮೂರನೇ_ಸಾಲು

‘ಕಾಂತಾರ’ ವಿಚಾರ. ಶಾರ್ಟ್‌ಲಿಸ್ಟ್ ಆಗಿರಲಿಲ್ಲ. 2023ರ ಜನವರಿಯಲ್ಲಿ ಬಂದದ್ದು ಅರ್ಹ ಚಿತ್ರಗಳ ಪಟ್ಟಿ, ಅದರಲ್ಲಿ 301 ಚಿತ್ರ ಇತ್ತು. ‘ಕಾಂತಾರ’ ಇತ್ತು, ‘ವಿಕ್ರಾಂತ್ ರೋಣ’ನೂ ಇತ್ತು. ಅಮೆರಿಕದ ಆರು ಗೊತ್ತುಪಡಿಸಿದ ನಗರ ಪ್ರದೇಶಗಳಲ್ಲಿ (ಲಾಸ್ ಏಂಜಲಿಸ್, ನ್ಯೂಯಾರ್ಕ್, ಸ್ಯಾನ್ ಫ್ರಾನ್ಸಿಸ್ಕೊ ಭಾಗ, ಶಿಕಾಗೊ, ಅಟ್ಲಾಂಟ, ಡಲ್ಲಾಸ್) ಒಂದರಲ್ಲಿ ಏಳು ದಿನ ಬಿಡದೆ ಥಿಯೇಟರ್‌ನಲ್ಲಿ ಓಡಿಸಿ, ಅರ್ಜಿ, ಕಾಗದಪತ್ರ ಕೊಟ್ರೆ ಆ ಪಟ್ಟಿಗೆ ಬರಬಹುದು. ಅಂದ್ರೆ ಅರ್ಜಿ ಸ್ವೀಕಾರ ಆಯ್ತು ಅಂತ ಅರ್ಥ, ಯಾರೂ ನೋಡಿ ಆರಿಸಿದ್ದಲ್ಲ. ಪ್ರತಿ ಜನವರಿಯಲ್ಲೂ ಟಿವಿಯವರು ‘ಆಸ್ಕರ್ ಕಣಕ್ಕೆ ಜಿಗಿದ...’ ಅಂತ ಬ್ರೇಕಿಂಗ್ ಹಾಕೋದು ಇದಕ್ಕೇ. 2024ರ ಚಿತ್ರಗಳಿಂದ ಬೆಸ್ಟ್ ಪಿಕ್ಚರ್‌ಗೆ ಅರ್ಹ ಆಗಬೇಕಾದ್ರೆ ಇನ್ನೂ ಬಿಗಿ ಮಾಡಿದ್ದಾರೆ, ಅಮೆರಿಕದ ದೊಡ್ಡ 50 ಮಾರುಕಟ್ಟೆಗಳಲ್ಲಿ ಹತ್ತರಲ್ಲಾದ್ರೂ ಮತ್ತೆ ಏಳು ದಿನ ಓಡಿಸಬೇಕು, ಮೊದಲ ಬಿಡುಗಡೆಯ 45 ದಿನದೊಳಗೆ.

ನಿಜವಾದ ಶಾರ್ಟ್‌ಲಿಸ್ಟ್ ಅಂದ್ರೆ ಅಂತರರಾಷ್ಟ್ರೀಯ ವಿಭಾಗದ 15ರ ಪಟ್ಟಿ. ಅಲ್ಲಿಗೆ ಒಂದು ದೇಶದಿಂದ ಒಂದೇ ಚಿತ್ರ, ನಮ್ಮಲ್ಲಿ ಅದನ್ನ ಫಿಲ್ಮ್ ಫೆಡರೇಷನ್ ಆಫ್ ಇಂಡಿಯಾ ಸಮಿತಿ ಆರಿಸುತ್ತೆ. ಈ ಸಲ ‘ಹೋಮ್‌ಬೌಂಡ್’ 15ರೊಳಗೆ ಬಂತು, ಐದರೊಳಗೆ ಬರಲಿಲ್ಲ. ಹೋದ ಸಲ ‘ಲಾಪತಾ ಲೇಡೀಸ್’ 15ಕ್ಕೂ ಬರಲಿಲ್ಲ. ತಮಾಷೆ ಅಂದ್ರೆ ಅದೇ ಸಲ ಬ್ರಿಟನ್ ಕಳಿಸಿದ್ದ ಹಿಂದಿ ಚಿತ್ರ ‘ಸಂತೋಷ್’ 15ರೊಳಗಿತ್ತು, ಕಾನ್‌ನಲ್ಲಿ ಗ್ರ್ಯಾಂಡ್ ಪ್ರಿ ಗೆದ್ದ ‘ಆಲ್ ವಿ ಇಮ್ಯಾಜಿನ್ ಆಸ್ ಲೈಟ್’ನ ನಾವು ಮನೇಲೇ ಬಿಟ್ಟುಹೋಗಿದ್ವಿ. ಈ ವಿಭಾಗದಲ್ಲಿ ಇಷ್ಟು ವರ್ಷಕ್ಕೆ ಭಾರತ ನಾಮಿನೇಷನ್ ಪಡೆದಿರೋದು ಮೂರೇ: ‘ಮದರ್ ಇಂಡಿಯಾ’, ‘ಸಲಾಂ ಬಾಂಬೆ’, ‘ಲಗಾನ್’. ಒಳ್ಳೆ ಚಿತ್ರ ಅನ್ನೋದರ ಜೊತೆಗೆ ಅಮೆರಿಕದಲ್ಲಿ ಹಂಚಿಕೆದಾರರು ಇದ್ದಾರಾ, ಸದಸ್ಯರಿಗೆ ಚಿತ್ರ ತೋರಿಸೋಕೆ ದುಡ್ಡು ಹಾಕ್ತಾರಾ ಅನ್ನೋದನ್ನ ಸಮಿತಿ ನೋಡಿದ್ರೆ ವಾಸಿ. ‘ನಾಟು ನಾಟು’ ಗೆದ್ದದ್ದು ಆ ದಾರಿಯಲ್ಲೇ. ‘ಆರ್‌ಆರ್‌ಆರ್’ ಭಾರತದ ಅಧಿಕೃತ ಚಿತ್ರ ಆಗಿರಲೇ ಇಲ್ಲ.

ದುಬಾರೆ ಆನೆ ಕ್ಯಾಂಪ್ ಮೇಲೆ ಒಂದು ಡಾಕ್ಯುಮೆಂಟರಿ ಮಾಡಿ ಕಳಿಸಿದ್ರೆ ಅಂತ ಪ್ರತಿ ಸೀಸನ್‌ಗೂ ಯಾರಾದ್ರೂ ಕೇಳ್ತಾರೆ, ಮುದುಮಲೈಯ ತೆಪ್ಪಕಾಡು ಕ್ಯಾಂಪಿನ ‘ದ ಎಲಿಫೆಂಟ್ ವಿಸ್ಪರರ್ಸ್’ 2023ರಲ್ಲಿ ಗೆದ್ದಾಗಿಂದ. ಕಿರು ವಿಭಾಗಕ್ಕೆ ಮಿತಿ 40 ನಿಮಿಷ, ಕೊನೆಯ ಹೆಸರುಗಳ ಪಟ್ಟಿನೂ ಸೇರಿ. 41 ಆದ್ರೆ ಪೂರ್ಣಪ್ರಮಾಣದ ಚಿತ್ರಗಳ ಜೊತೆ ಗುದ್ದಾಡಬೇಕು. ಕಿರುಚಿತ್ರಗಳಿಗೆ ಅಮೆರಿಕದ ಥಿಯೇಟರ್ ಒಂದೇ ದಾರಿ ಅಲ್ಲ, ಅಕಾಡೆಮಿ ಮಾನ್ಯ ಮಾಡಿರೋ ಉತ್ಸವದಲ್ಲಿ ನಿಗದಿತ ಪ್ರಶಸ್ತಿ ಗೆದ್ರೂ ಅರ್ಹತೆ ಬರುತ್ತೆ. ಕಥಾ ಕಿರುಚಿತ್ರಕ್ಕಾದ್ರೆ ಬೆಂಗಳೂರು ಅಂತರರಾಷ್ಟ್ರೀಯ ಕಿರುಚಿತ್ರೋತ್ಸವವೇ ಅಂಥ ಒಂದು. ಚಿದಾನಂದ ನಾಯ್ಕರ ಕನ್ನಡ ಕಿರುಚಿತ್ರ ‘ಸನ್‌ಫ್ಲವರ್ಸ್ ವರ್ ದ ಫಸ್ಟ್ ಒನ್ಸ್ ಟು ನೋ’ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ಚಿತ್ರಗಳ ವಿಭಾಗ ಲಾ ಸಿನೆಫ್‌ನಲ್ಲಿ ಮೊದಲ ಬಹುಮಾನ ಪಡೆದು 97ನೇ ಆಸ್ಕರ್‌ಗೆ ಅರ್ಹತೆ ಗಳಿಸಿತ್ತು. ಹದಿನಾರು ನಿಮಿಷದ ಚಿತ್ರ.

ಇನ್ನೊಂದು ಮಾತು. ಆಸ್ಕರ್ ಸೂತ್ರನ ನಮ್ಮ ರಾಷ್ಟ್ರ ಪ್ರಶಸ್ತಿಗೆ ಹಚ್ಚಬೇಡಿ. ಅಲ್ಲಿ ಸಾವಿರಾರು ಮತದಾರರು, ಇಲ್ಲಿ ಒಂದು ಕೋಣೆಯಲ್ಲಿ ಕೂತ ಕೆಲವೇ ತೀರ್ಪುಗಾರರು. ಪ್ರಾದೇಶಿಕ ಸಮಿತಿ ಮೊದಲು ನೋಡಿ ಶಿಫಾರಸು ಮಾಡುತ್ತೆ, ಕೇಂದ್ರ ಸಮಿತಿ ತೀರ್ಮಾನಿಸುತ್ತೆ. ಸಮಿತಿ ಪ್ರತಿ ವರ್ಷ ಬದಲಾಗೋದ್ರಿಂದ ಹೋದ ವರ್ಷದ ಒಲವಿನ ಮೇಲೆ ಈ ವರ್ಷದ್ದನ್ನ ಹೇಳೋಕಾಗಲ್ಲ. ಲೆಕ್ಕ ಹಿಡಿಯೋದು ಬಿಡುಗಡೆಯ ದಿನ ಅಲ್ಲ, ಆ ವರ್ಷದ ಜನವರಿ 1ರಿಂದ ಡಿಸೆಂಬರ್ 31ರೊಳಗೆ ಸೆನ್ಸಾರ್ ಪತ್ರ ಸಿಕ್ಕಿತ್ತಾ ಅನ್ನೋದು. ಡಿಸೆಂಬರ್‌ನಲ್ಲಿ ಸೆನ್ಸಾರ್ ಆಗಿ ಫೆಬ್ರವರಿಯಲ್ಲಿ ಥಿಯೇಟರ್‌ಗೆ ಬಂದ ಚಿತ್ರ ಹಿಂದಿನ ವರ್ಷಕ್ಕೇ ಸೇರುತ್ತೆ, ಚೀಟಿ ಹಾಕೋರು ಇಲ್ಲಿ ಪ್ರತಿ ಸಲ ತಪ್ಪುತ್ತಾರೆ. 71ನೇ ಪ್ರಶಸ್ತಿಯಲ್ಲಿ ಅತ್ಯುತ್ತಮ ಕನ್ನಡ ಚಿತ್ರ ‘ಕಂದೀಲು’ ಅಂತ 2025ರ ಆಗಸ್ಟ್ 1ಕ್ಕೆ ಘೋಷಣೆ ಆದಾಗ, ನಮ್ಮ ಕೊಡಗಿನವರೇ ಆದ ಯಶೋದಾ ಪ್ರಕಾಶ್ ನಿರ್ದೇಶಿಸಿದ ಚಿತ್ರ ಅದು, ಬೆಂಗಳೂರಿನ ಎಷ್ಟು ಊಹೆ ಪಟ್ಟಿಗಳಲ್ಲಿ ಇತ್ತು ಹೇಳಿ. ಕೊಡವ ಭಾಷೆಗೂ ಅಲ್ಲಿ ಬಾಗಿಲಿದೆ. ಸಂವಿಧಾನದ ಎಂಟನೇ ಅನುಸೂಚಿಯಲ್ಲಿ ಇಲ್ಲದ ಭಾಷೆಗಳಿಗೂ ಅತ್ಯುತ್ತಮ ಚಿತ್ರ ಪ್ರಶಸ್ತಿ ಉಂಟು. ಅದೇ 71ರಲ್ಲಿ ಗಾರೋ, ತಾಯ್ ಫಾಕೆ ಭಾಷೆಯ ಚಿತ್ರಗಳಿಗೆ ಸಿಕ್ಕಿತು.

---

ಮಡಿಕೇರಿ_ಮ್ಯಾಟಿನಿ

ಮೇಷ್ಟ್ರೇ, ಮೂರನೇ ಸಾಲಿನವರೇ, ತುಂಬಾ ಉಪಕಾರ ಆಯ್ತು. ಕಾಂತಾರ ಪಟ್ಟಿನವರಿಗೆ ಲಿಂಕ್ ಕಳಿಸಿದ್ದೀನಿ, ಇನ್ನೂ ಉತ್ತರ ಇಲ್ಲ 😄

ಎರಡು ಅನುಮಾನ. ಕೆಳಗಿನ ಎರಡು ತಟ್ಟೆಯಲ್ಲಿ ಸಮ ಸಮ ಬಂದ್ರೆ ಯಾವುದನ್ನ ಎತ್ತೋದು? ಮತ್ತೆ ಹತ್ತೂ ಚಿತ್ರ ನೋಡಿರೋರು ನಲವತ್ತರಲ್ಲಿ ಐದಾರು ಜನ ಇರಬಹುದು ಅಷ್ಟೇ. ‘ಫ್ರಾಂಕನ್‌ಸ್ಟೈನ್’, ‘ಟ್ರೇನ್ ಡ್ರೀಮ್ಸ್’ ನೆಟ್‌ಫ್ಲಿಕ್ಸ್‌ನಲ್ಲಿ ಮನೇಲೇ ಆಗುತ್ತೆ, ಥಿಯೇಟರ್‌ನಲ್ಲೇ ನೋಡಬೇಕಾದದ್ದಕ್ಕೆ ಮೈಸೂರಿಗೆ 120 ಕಿಲೋಮೀಟರ್ ಯಾರು ಹೋಗ್ತಾರೆ? ಊಹೆ ಚೀಟಿಗೆ ಅಂಕ ಹೇಗಿಡೋದು ಅಂತಾನೂ ಹೇಳಿ.

---

ಎಣಿಕೆ_ಮೇಷ್ಟ್ರು

ಸಮ ಬಂದ್ರೆ ಏನು ಮಾಡೋದು ಅಂತ ಚೀಟಿ ಬಿಚ್ಚೋಕೆ ಮೊದಲೇ ಬರೆದಿಟ್ಟು ಎಲ್ರ ಒಪ್ಪಿಗೆ ತಗೊಳ್ಳಿ. ಬಿಚ್ಚಿದ ಮೇಲೆ ನಿಯಮ ಮಾಡಿದ್ರೆ ಯಾರೂ ಒಪ್ಪಲ್ಲ. ಸಣ್ಣ ಗುಂಪಿಗೆ ಸರಳವಾದದ್ದು: ಹಿಂದಿನ ಸುತ್ತಲ್ಲಿ ಯಾರಿಗೆ ಕಮ್ಮಿ ಇತ್ತೋ ಅವರು ಔಟ್, ಅಲ್ಲೂ ಸಮ ಇದ್ರೆ ಅದರ ಹಿಂದಿನ ಸುತ್ತು, ಮೊದಲ ಸುತ್ತಿನವರೆಗೂ ಸಮ ಇದ್ರೆ ಚೀಟಿ ಎತ್ತಿ. ಕೊನೇ ಇಬ್ಬರು ಸಮ ಬಂದ್ರೂ ಇದೇ ನಿಯಮ. ಮೊದಲ ಸ್ಥಾನ ಒಂದೂ ಬರದ ಚಿತ್ರಗಳನ್ನ ಶುರುವಿನಲ್ಲೇ ಒಟ್ಟಿಗೆ ತೆಗೆದುಬಿಡಿ. ಹತ್ತು ಚಿತ್ರಕ್ಕೆ ನಲವತ್ತು ಚೀಟಿ ಅಂದ್ರೆ ಕೆಳಗೆ 1, 1, 2 ಅಂತ ಬೀಳೋದು ಖಂಡಿತ. ಆ ಮೂರರ ಮೊತ್ತ 4, ಅವುಗಳ ಮೇಲಿನ ಚಿತ್ರಕ್ಕೆ 5 ಇದ್ರೆ ಮೂರನ್ನೂ ಒಂದೇ ಸಲ ಎತ್ತಬಹುದು. ಅವು ಮೂರೂ ಒಂದರ ಮತ ಒಂದು ತಿಂದ್ರೂ ಮೇಲಿನದನ್ನ ಮುಟ್ಟೋಕಾಗಲ್ಲ, ಫಲಿತಾಂಶ ಬದಲಾಗಲ್ಲ. ಮೇಲಿನದಕ್ಕೂ 4 ಇದ್ರೆ ಈ ಉಪಾಯ ಬೇಡ, ಒಂದೊಂದಾಗಿ ಎತ್ತಿ.

ನೋಡದ ಚಿತ್ರಕ್ಕೆ ಸ್ಥಾನ ಕೊಡಬಾರದು, ಖಾಲಿ ಬಿಡಲಿ. ಆದ್ರೆ ಕಮ್ಮಿ ನೋಡಿದವರ ಚೀಟಿ ಬೇಗ ಸಾಯುತ್ತೆ. ಮೂರೇ ಹೆಸರು ಬರೆದು ಮೂರೂ ಔಟ್ ಆದ್ರೆ ಕೊನೇ ಸುತ್ತಲ್ಲಿ ಅವರ ಮಾತಿಗೆ ಬೆಲೆ ಇಲ್ಲ. ಇಪ್ಪತ್ತು ಚೀಟಿ ಸತ್ತರೆ ಗೆದ್ದದ್ದಕ್ಕೂ ಮರ್ಯಾದೆ ಇರಲ್ಲ. ಕನಿಷ್ಠ ಐದು ನೋಡಿದವರಿಗೆ ಮಾತ್ರ ಈ ಮತ ಅಂತ ಇಡಿ, ಉಳಿದವರು ಊಹೆ ಚೀಟಿ ಮಾತ್ರ ಹಾಕಲಿ. ಎರಡಕ್ಕೂ ಬೇರೆ ಬೇರೆ ಬಣ್ಣದ ಕಾಗದ ಕೊಡಿ. ಇಷ್ಟದ್ದು ಒಂದು, ಗೆಲ್ಲೋದು ಇನ್ನೊಂದು ಅನ್ನೋದು ಒಂದೇ ಕಾಗದದಲ್ಲಿ ಇದ್ರೆ ಜನ ಎರಡನ್ನೂ ಕಲಸಿಬಿಡ್ತಾರೆ.

---

ಗೋಣಿಕೊಪ್ಪ_ಗ್ಯಾಲರಿ

ಊಹೆ ಚೀಟಿ ಅಂಕ: ಕಾಸ್ಟಿಂಗ್ ಸೇರಿ ಈ ಸಲ 24 ವಿಭಾಗ. ಚಿತ್ರ, ನಿರ್ದೇಶನ, ನಾಲ್ಕು ನಟನೆ, ಎರಡು ಚಿತ್ರಕಥೆ, ಈ ಎಂಟಕ್ಕೆ ಎರಡೆರಡು ಅಂಕ, ಉಳಿದ ಹದಿನಾರಕ್ಕೆ ಒಂದೊಂದು, ಒಟ್ಟು 32. ಮೂರು ಕಿರುಚಿತ್ರ ವಿಭಾಗಕ್ಕೆ ಜಾಸ್ತಿ ಅಂಕ ಇಡಬೇಡಿ, ಅಲ್ಲಿ ಗೆಲ್ಲೋದು ತಿಳಿವಳಿಕೆ ಅಲ್ಲ, ಅದೃಷ್ಟ. ಸಮ ಬಂದ್ರೆ ಬಿಡಿಸೋಕೆ ‘ಸಿನ್ನರ್ಸ್ ಒಟ್ಟು ಎಷ್ಟು ಗೆಲ್ಲುತ್ತೆ’ ಅಂತ ಒಂದು ಪ್ರಶ್ನೆ ಇಡಿ.

ಗಡುವು ಎರಡು ಮಾಡಿ. ಮೊದಲ ಚೀಟಿ ಫೆಬ್ರವರಿ 21 ಶನಿವಾರ ರಾತ್ರಿಯೊಳಗೆ, ಬಾಫ್ಟಾಕ್ಕೆ ಮುಂಚೆ. ಆಮೇಲೆ ಮಾರ್ಚ್ 14ರವರೆಗೆ ಮೂರು ವಿಭಾಗ ಮಾತ್ರ ಬದಲಿಸೋಕೆ ಬಿಡಿ. ಒಂದೇ ಗಡುವು ಮಾರ್ಚ್ 14 ಅಂತ ಇಟ್ರೆ ನಟರ ಸಂಘದ ಫಲಿತಾಂಶ ನೋಡಿ ನಲವತ್ತೂ ಚೀಟಿ ಒಂದೇ ಥರ ಬರುತ್ತೆ, ಆಟದ ಮಜಾನೇ ಹೋಗುತ್ತೆ. ಬೆಸ್ಟ್ ಆಕ್ಟರ್‌ನಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತೆ. ಶಾಲಮೆ ಗ್ಲೋಬ್, ಕ್ರಿಟಿಕ್ಸ್ ಚಾಯ್ಸ್ ಎರಡೂ ಗೆದ್ದಿದ್ದಾರೆ, ಮೈಕಲ್ ಬಿ. ಜೋರ್ಡನ್‌ದು ‘ಸಿನ್ನರ್ಸ್’ನಲ್ಲಿ ಅವಳಿ ಪಾತ್ರ, ಗ್ಲೋಬ್ ಡ್ರಾಮಾ ಗೆದ್ದ ವ್ಯಾಗ್ನರ್ ಮೌರಾಗೆ ನಟರ ಸಂಘದಲ್ಲಿ ನಾಮಿನೇಷನ್ನೇ ಇಲ್ಲ. ಮಾರ್ಚ್ 1ಕ್ಕೆ ಮುಂಚೆ ಬರೆಯೋರಿಗೆ ಧೈರ್ಯ ಬೇಕು. ನಟಿ ವಿಭಾಗದಲ್ಲಿ ‘ಹ್ಯಾಮ್ನೆಟ್’ನ ಜೆಸ್ಸಿ ಬಕ್ಲಿ ಬಿಟ್ಟು ಬೇರೆ ಬರೆಯೋಕೆ ಸದ್ಯ ಕಾರಣ ಕಾಣಲ್ಲ.

ಸಮಯ: ಸಮಾರಂಭ ಮಾರ್ಚ್ 15 ಭಾನುವಾರ, ಲಾಸ್ ಏಂಜಲಿಸ್‌ನಲ್ಲಿ ಸಂಜೆ 4. ಹೋದ ವರ್ಷ ಮಾರ್ಚ್ 2ಕ್ಕೆ ಇದ್ದಾಗ ನಮಗೆ ಬೆಳಗ್ಗೆ 5:30 ಆಗಿತ್ತು. ಈ ಸಲ ಅದಕ್ಕೆ ಮುಂಚೆ, ಮಾರ್ಚ್ 8ಕ್ಕೇ ಅಮೆರಿಕದವರು ಗಡಿಯಾರ ಒಂದು ಗಂಟೆ ಮುಂದಕ್ಕೆ ತಳ್ತಾರೆ, ಹಾಗಾಗಿ ನಮಗೆ 16ರ ಸೋಮವಾರ ಬೆಳಗ್ಗೆ 4:30. ಹೋದ ವರ್ಷದ ಅಂದಾಜಲ್ಲಿ ಅಲಾರಂ ಇಟ್ರೆ ಒಂದು ಗಂಟೆಯ ಪ್ರಶಸ್ತಿ ತಪ್ಪಿಹೋಗುತ್ತೆ, ಸಹನಟ ಸಹನಟಿ ವಿಭಾಗ ಸಾಮಾನ್ಯವಾಗಿ ಆ ಹೊತ್ತಲ್ಲೇ ಬರೋದು. ಮಾರ್ಚ್ ಮಧ್ಯ ಅಂದ್ರೆ ಹೂಮಳೆ ಕಾಲ. ಹಿಂದಿನ ದಿನ ಗುಡುಗಿದ್ರೆ ಕರೆಂಟ್ ನಂಬಬೇಡಿ, ಯುಪಿಎಸ್‌ಗೆ ರೂಟರ್ ಮತ್ತೆ ಟಿವಿ ಮಾತ್ರ ಹಾಕಿ. ಗೀಸರ್, ಮಿಕ್ಸಿ ಎಲ್ಲ ಬೇರೆ ಲೈನ್‌ಗೆ.

---

ಸುಂಟಿಕೊಪ್ಪ_ಸೆಕೆಂಡ್‌ಶೋ

ಮೂರು ಬದಲಾವಣೆ ಜಾಸ್ತಿ ಆಯ್ತು ಅಣ್ಣ, ಎರಡು ಸಾಕು. ಮತ್ತೆ ಬದಲಿಸಿದ ವಿಭಾಗ ಸರಿ ಬಂದ್ರೆ ಅರ್ಧ ಅಂಕ ಮಾತ್ರ ಅಂತ ಇಡಿ, ಮೊದಲೇ ಸರಿ ಬರೆದವರಿಗೆ ಅನ್ಯಾಯ ಆಗಬಾರದು. ನನ್ನ ಚೀಟಿ ಈಗ್ಲೇ ಬರ್ಕೊಳ್ಳಿ: ಬೆಸ್ಟ್ ಪಿಕ್ಚರ್ ‘ಸಿನ್ನರ್ಸ್’, ನಿರ್ದೇಶನ ‘ಒನ್ ಬ್ಯಾಟಲ್’ನ ಪಾಲ್ ಥಾಮಸ್ ಆಂಡರ್ಸನ್. ಬದಲಿಸಲ್ಲ.